ನಡುವಿನ ಕಲ್ಲು

“ಐದು ಗಂಟೆ, ಮೇಡಂ. ಅದರಾಚೆ ಒಂದು ನಿಮಿಷಾನೂ ನನ್ನ ಕೈಲಿಲ್ಲ,” ಎಂದು ಇನ್ಸ್‌ಪೆಕ್ಟರ್ ಪದಕದ ಡಬ್ಬಿಯನ್ನು ನನ್ನತ್ತ ತಳ್ಳಿದರು. ತಳ್ಳಿದವರೇ ಮೂರು ಸಲ ಸೀನಿದರು. ವಾರದಿಂದ ಅವರಿಗೆ ಬಿಡದ ನೆಗಡಿ.

ಗೋಡೆಯ ಗಡಿಯಾರ ಒಂದೂಮುಕ್ಕಾಲು ತೋರಿಸುತ್ತಿತ್ತು.

ಠಾಣೆಯ ಮಹಡಿಯ ಆ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ನಾನು, ಇನ್ಸ್‌ಪೆಕ್ಟರ್, ಕಿಟಕಿಯ ಪಕ್ಕ ಕಾಲ ಮೇಲೆ ಕಾಲು ಹಾಕಿ ಕೂತ ಡಾಕ್ಟರಮ್ಮನ ಮಗ, ಮತ್ತು ಬೆಂಚಿನ ತುದಿಯಲ್ಲಿ ಕೈಚೀಲವನ್ನು ಮಡಿಲಲ್ಲಿ ಅವುಚಿಕೊಂಡಿದ್ದ ನರ್ಸಮ್ಮ. ನಿನ್ನೆ ಸಂಜೆಯಿಂದ ಆಕೆಯನ್ನು ಇಲ್ಲೇ ಕೂರಿಸಿದ್ದರು. ರಾತ್ರಿಯಿಡೀ ನಿದ್ದೆಯಿಲ್ಲದ ಕಣ್ಣು, ಆದರೂ ಜಡೆಯಲ್ಲಿ ಒಂದು ಕೂದಲೂ ಆಚೀಚೆಯಾಗಿರಲಿಲ್ಲ.

ಕಣ್ಣಿನ ಡಾಕ್ಟರಮ್ಮ ತೀರಿಕೊಂಡು ನಲವತ್ತೆರಡು ದಿನ. ಅವರ ಒಂಬತ್ತು ವಜ್ರದ ಪದಕದಲ್ಲಿದ್ದ ಕಲ್ಲುಗಳನ್ನು ಬದಲಿಸಿದ್ದಾಳೆಂದು, ಆರು ವರ್ಷ ಅವರನ್ನು ನೋಡಿಕೊಂಡಿದ್ದ ನರ್ಸಮ್ಮನ ಮೇಲೆ ಮಗ ದೂರು ಕೊಟ್ಟಿದ್ದ. ಐದು ಗಂಟೆಗೆ ಕೇಸು ಬರೆದುಕೊಂಡರೆ ಆಕೆ ಜೈಲಿಗೆ. ಆಮೇಲೆ ಬಿಡುಗಡೆಯಾಗಿ ಬಂದರೂ ಕಳ್ಳಿಯೆಂದು ಹೆಸರಾದ ನರ್ಸನ್ನು ಯಾರು ತಮ್ಮ ಮನೆಯ ರೋಗಿಯ ಹತ್ತಿರ ಬಿಟ್ಟಾರು?

ನನ್ನ ಪಾಡೂ ಅಷ್ಟು ನೆಟ್ಟಗಿರಲಿಲ್ಲ. ಹಳೆಯ ಒಡವೆಗಳನ್ನು ನೋಡಿ ಬೆಲೆ ಕಟ್ಟುವುದು ನನ್ನ ಕಸುಬು. ಮೂರು ವರ್ಷದ ಹಿಂದೆ ಇದೇ ಪದಕವನ್ನು ನೋಡಿ, ಒಂದೊಂದು ಕಲ್ಲಿನ ಚಿತ್ರ ಬರೆದು, ಇವು ಅಪರೂಪದವು ಎಂದು ಸಹಿ ಹಾಕಿದವಳು ನಾನೇ. ನರ್ಸಮ್ಮ ಕದ್ದಿಲ್ಲವಾದರೆ ನನ್ನ ಕಣ್ಣು ಕೆಟ್ಟಿರಬೇಕು ಎಂದು ಈ ಮಗ ಊರ ತುಂಬ ಹೇಳಿಕೊಂಡು ಬಂದಿದ್ದ.

“ಓದಿ ಹೇಳ್ಲಾ?” ಅವನು ಒಂದು ಕಾಗದ ಬಿಡಿಸಿದ. ಪೇಟೆಯ ದೊಡ್ಡ ಅಂಗಡಿಯ ಪರೀಕ್ಷೆಯ ವರದಿ. “ಒಂಬತ್ತೂ ವಜ್ರವೇ. ಆದರೆ ಕಟಿಂಗ್ ತೀರಾ ಕಳಪೆ. ಆಕಾರ ಓರೆಕೋರೆ. ತಳದ ತುದಿಗಳು ಮುರಿದಿವೆ. ಬಣ್ಣದಲ್ಲಿ ಹಳದಿ ಛಾಯೆ. ಹಳೆಯ ಪ್ರಮಾಣಪತ್ರದ ಮೌಲ್ಯಕ್ಕೆ ಹೊಂದಿಕೆಯಾಗುವುದಿಲ್ಲ. ಇದರರ್ಥ ಏನು ಮೇಡಂ? ಒಳ್ಳೇ ಕಲ್ಲು ತೆಗೆದು ಕಸದ ಕಲ್ಲು ಕೂರಿಸಿದಾರೆ ಅಂತ ತಾನೇ?”

ನನಗೆ ನಗು ಬಂತು, ಸಿಟ್ಟೂ ಬಂತು. ಸಿಟ್ಟೇ ಗೆದ್ದಿತು.

“ಆ ಅಂಗಡಿಯವರು ಕಲ್ಲು ನೋಡಿದ್ರಾ, ಮೆಷಿನ್ ನೋಡಿದ್ರಾ?”

“ಲಕ್ಷಾಂತರ ರೂಪಾಯಿ ಮೆಷಿನ್ ಮೇಡಂ ಅದು.”

“ಮೆಷಿನ್ನಿಗೆ ಹೊಸ ಕಲ್ಲಿನ ಪಾಠ ಹೇಳಿಕೊಟ್ಟಿರ್ತಾರೆ. ಹಳೇದು ಸಿಕ್ಕಿದ್ರೆ ಅದಕ್ಕೆ ಎಲ್ಲಾ ತಪ್ಪೇ ಕಾಣುತ್ತೆ. ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ. ಇನ್ಸ್‌ಪೆಕ್ಟ್ರೇ, ಆ ಕಿಟಕಿ ಮುಚ್ಚಿಸಿ. ಒಂದು ಮೇಣದಬತ್ತಿ ಸಿಗುತ್ತಾ?”

ಕರೆಂಟು ಹೋದಾಗಿನದೆಂದು ಡ್ರಾಯರಿನ ಮೂಲೆಯಲ್ಲಿ ಅರ್ಧ ಉರಿದ ಬತ್ತಿಯೊಂದಿತ್ತು. ಕಿಟಕಿಗಳು ಮುಚ್ಚಿದವು. ಟ್ಯೂಬ್‌ಲೈಟ್ ಆರಿತು. ನಾನು ಬತ್ತಿ ಹಚ್ಚಿ, ಪದಕವನ್ನು ಚಿಮುಟದಲ್ಲಿ ಹಿಡಿದು ಬೆಳಕಿನ ಮುಂದೆ ಮೆಲ್ಲಗೆ ಅಲುಗಿಸಿದೆ.

ಇನ್ಸ್‌ಪೆಕ್ಟರ್ ಸೀನುವುದನ್ನೇ ಮರೆತರು.

ಹೊಸ ವಜ್ರವಾದರೆ ಸಾಸಿವೆ ಸಿಡಿದ ಹಾಗೆ ಚಿಟಪಟ ಮಿನುಗುತ್ತದೆ. ಇದು ಹಾಗಲ್ಲ. ಒಳಗಿನಿಂದ ಕೆಂಪು, ಹಸಿರು, ನೀಲಿ, ಒಂದೊಂದೇ ಅಗಲವಾದ ಬಣ್ಣ ನಿಧಾನವಾಗಿ ಎದ್ದು ಬಂದು, ಸ್ವಲ್ಪ ಹೊತ್ತು ನಿಂತು, ಇನ್ನೊಂದಕ್ಕೆ ಜಾಗ ಬಿಟ್ಟುಕೊಡುತ್ತಿತ್ತು. ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಪ್ರತಿ ಸಲವೂ ಕಣ್ಣು ಕೀಳಲಾಗುವುದಿಲ್ಲ, ಹೇಳಿಕೊಳ್ಳಲು ನನಗೆ ನಾಚಿಕೆಯೇನಿಲ್ಲ.

“ಇದನ್ನ ಕಡೆದಾಗ ಕರೆಂಟೇ ಇರಲಿಲ್ಲ. ದೀಪದ ಬೆಳಕಲ್ಲಿ ಹಾಕ್ಕೊಳ್ಳೋಕೆ ಅಂತ ಮಾಡಿದ್ದು. ಅದಕ್ಕೇ ತಲೆ ಎತ್ತರ, ಮೇಲಿನ ಮುಖ ಚಿಕ್ಕದು, ಹೊಟ್ಟೆ ಆಳ.”

“ಓರೆಕೋರೆ ಯಾಕೆ ಹಾಗಾದ್ರೆ?” ಮಗ ಕೇಳಿದ.

“ಕೈಯಲ್ಲಿ ಕಡೆದಿದ್ದು, ಕಣ್ಣಳತೆಯಲ್ಲಿ. ನೆಲದಿಂದ ಸಿಕ್ಕಿದ ಕಲ್ಲು ಹೇಗಿತ್ತೋ ಹಾಗೇ ಅನುಸರಿಸ್ಕೊಂಡು, ಆದಷ್ಟು ಕಡಿಮೆ ಸವೆಸಿ ಉಳಿಸಿಕೊಂಡಿದಾರೆ. ನಿಮ್ಮ ಎರಡು ಕಿವಿ ಒಂದೇ ಥರ ಇದೆಯಾ? ಯಾರಾದ್ರೂ ಬದಲಾಯಿಸಿದಾರೆ ಅಂತೀವಾ?”

ಇನ್ಸ್‌ಪೆಕ್ಟರ್ ಕೆಮ್ಮಿ ನಗು ಮರೆಸಿದರು.

“ತಳದ ತುದಿ ಮುರಿದಿರೋದು?”

“ಮುರಿದಿಲ್ಲ. ಬೇಕೂಂತಲೇ ಚಪ್ಪಟೆ ಮಾಡಿರ್ತಾರೆ. ಸೂಜಿಯಂಥ ತುದಿ ಬಿಟ್ರೆ ಕಲ್ಲು ಕೂರಿಸೋ ಗೂಡಿಗೆ ತಾಗಿ ಚೂರಾಗುತ್ತೆ ಅಂತ ಆಗಿನವರ ಲೆಕ್ಕ. ಮೇಲಿಂದ ನೋಡಿದ್ರೆ ಕಲ್ಲಿನ ನಡುವೆ ಒಂದು ಸಣ್ಣ ಕಿಟಕಿ ಥರ ಕಾಣುತ್ತೆ. ತಗೊಳ್ಳಿ, ನೀವೇ ನೋಡಿ.”

ಭೂತಗನ್ನಡಿಯನ್ನು ಇನ್ಸ್‌ಪೆಕ್ಟರ ಕೈಗೆ ಕೊಟ್ಟೆ. ಅವರು ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು ನೋಡಿದರು.

“ಹೌದಲ್ಲ ಮೇಡಂ! ಕಿಟಕಿ! ಹಾಗಾದ್ರೆ ಕಳ್ಳತನವೇ ಆಗಿಲ್ಲ ಅನ್ನಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು.”

ಬೆಂಚಿನ ತುದಿಯಲ್ಲಿ ನರ್ಸಮ್ಮ ಉಸಿರು ಬಿಟ್ಟಿದ್ದು ನನಗೆ ಕೇಳಿಸಿತು. ಮೊದಲ ಸಲ ಆಕೆಯ ಮುಖದಲ್ಲಿ ನಗುವಿನ ಸುಳಿವು ಕಂಡಿತು. ಆಕೆ ಕೈಚೀಲದ ಪಟ್ಟಿಯನ್ನು ಹೆಗಲಿಗೇರಿಸಿಕೊಂಡಳು.

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು. ಆಕೆ ಮನೆಗೆ ಹೋಗುತ್ತಿದ್ದಳು. ನನ್ನ ಹೆಸರೂ ಉಳಿಯುತ್ತಿತ್ತು. ಆದರೆ ಇನ್ಸ್‌ಪೆಕ್ಟರು ಹಿಂದಿರುಗಿಸಿದ ಪದಕವನ್ನು ನಾನು ಅಭ್ಯಾಸಬಲದಿಂದ ಇನ್ನೊಮ್ಮೆ ಭೂತಗನ್ನಡಿಯಡಿ ಹಿಡಿದೆ. ಅಂಚಿನ ಎಂಟು ಕಲ್ಲುಗಳನ್ನು ದಾಟಿ ನಡುವಿನ ದೊಡ್ಡ ಕಲ್ಲಿನ ಮೇಲೆ ಕಣ್ಣು ನಿಂತಿತು. ನಿಂತದ್ದು ಮುಂದಕ್ಕೆ ಹೋಗಲೇ ಇಲ್ಲ.

ನನ್ನ ಹಳೆಯ ಚಿತ್ರವನ್ನು ಚೀಲದಿಂದ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ನಡುವಿನ ಕಲ್ಲಿನ ಎಡ ಅಂಚಿನ ಹತ್ತಿರ ಒಳಗಡೆ ಒಂದು ಕರಿ ಚುಕ್ಕೆ ಬರೆದಿದ್ದೆ. ಹುಟ್ಟುಮಚ್ಚೆಯಂತೆ ಅದು ಕಲ್ಲಿನ ಜೊತೆಗೇ ಹುಟ್ಟಿದ್ದು, ಒರೆಸಿದರೆ ಹೋಗುವಂಥದ್ದಲ್ಲ. ಈಗ ಅಲ್ಲಿ ಚುಕ್ಕೆಯಿರಲಿಲ್ಲ.

ಇನ್ನೂ ನೋಡಿದೆ. ಎಂಟು ಕಲ್ಲುಗಳ ಅಂಚುಗಳು ಸವೆದು ಮೃದುವಾಗಿದ್ದವು. ನೂರಾರು ವರ್ಷ ಒಂದೇ ಡಬ್ಬಿಯಲ್ಲಿ ಬೇರೆ ವಜ್ರದ ಒಡವೆಗಳ ಜೊತೆ ಉಜ್ಜಾಡಿದ ಗುರುತು ಅದು. ವಜ್ರವನ್ನು ಸವೆಸುವುದು ವಜ್ರ ಮಾತ್ರ. ನಡುವಿನ ಕಲ್ಲಿನ ಅಂಚುಗಳೋ, ಇದೀಗ ಮಡಿಸಿದ ಕಾಗದದಂತೆ ಚೂಪಾಗಿದ್ದವು. ಅದನ್ನು ಹಿಡಿದುಕೊಂಡ ಬಂಗಾರದ ಹಲ್ಲುಗಳ ಮೇಲೆ ಹೊಸ ಗೀರುಗಳಿದ್ದವು, ಯಾರೋ ಎತ್ತಿ ಮತ್ತೆ ಒತ್ತಿದ ಹಾಗೆ.

“ಏನು ಮೇಡಂ?” ಇನ್ಸ್‌ಪೆಕ್ಟರ್ ನನ್ನ ಮುಖ ನೋಡಿ ಕೇಳಿದರು.

ನಾಲಿಗೆ ಕಚ್ಚಿಕೊಂಡು ಸುಮ್ಮನಿರಬಹುದಿತ್ತು. ಒಮ್ಮೆ ಹಾಗನ್ನಿಸಿತು ಕೂಡ. ಆದರೆ ಕಂಡದ್ದನ್ನು ಕಂಡಿಲ್ಲ ಎಂದು ಹೇಳಿದ ದಿನ ನಾನು ಈ ಭೂತಗನ್ನಡಿಯನ್ನು ಬಾವಿಗೆ ಎಸೆಯಬೇಕು.

“ಎಂಟು ಕಲ್ಲು ಅವೇ. ನಡುವಿನದು ಅಲ್ಲ. ಇದು ಹೊಸ ವಜ್ರ, ಕಾರ್ಖಾನೆಯಲ್ಲಿ ಬೆಳೆಸಿದ್ದಿರಬೇಕು. ಹಳೇದರ ಥರಾನೇ ಕೈಯಲ್ಲಿ ಕಡೆದು ಕೂರಿಸಿದಾರೆ.”

ಮಗ ಕುರ್ಚಿಯಿಂದ ಎದ್ದೇಬಿಟ್ಟ. “ನಾನು ಹೇಳ್ಲಿಲ್ವಾ? ಕದ್ದಿದಾಳೆ ಅಂತ ಹೇಳ್ಲಿಲ್ವಾ?”

“ಒಂಬತ್ತೂ ಕದ್ದಿದಾರೆ ಅಂದ್ರಿ. ಎಂಟು ನಿಮ್ಮ ಕಣ್ಣೆದುರಿಗೇ ಇದೆ. ಮಿಕ್ಕಿದ್ದನ್ನಾದ್ರೂ ಸ್ವಲ್ಪ ನಿಧಾನವಾಗಿ ಹೇಳಿ.”

ನರ್ಸಮ್ಮನ ಹೆಗಲಿನಿಂದ ಕೈಚೀಲ ಮತ್ತೆ ಮಡಿಲಿಗೆ ಇಳಿದಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ನನ್ನನ್ನು ನೋಡಿದ ಆಕೆಯ ನೋಟದಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ನೋಡಮ್ಮಾ, ನಿನ್ನ ಬಿಡಿಸ್ತೀನಿ ಅಂತ ಬಂದು ನಾನೇ ಕಟ್ಟಿಹಾಕಿದ ಹಾಗಾಯ್ತು. ಐದು ಗಂಟೆಯೊಳಗೆ ಇದನ್ನ ಯಾರು ಮಾಡಿದ್ದು ಅಂತ ತಂದು ಹೇಳ್ತೀನಿ. ಒಂದು ಮಾತು ಸತ್ಯ ಹೇಳು. ಈ ಪದಕಾನ ಡಾಕ್ಟರಮ್ಮ ರಿಪೇರಿಗೆ ಅಂತ ಎಲ್ಲಾದ್ರೂ ಆಚೆ ತಗೊಂಡು ಹೋಗಿದ್ರಾ?”

ಆಕೆ ಒಮ್ಮೆ ಮಗನ ಕಡೆ ನೋಡಿದಳು. ಆಮೇಲೆ ನನ್ನ ಕಡೆ.

“ಇಲ್ಲ ಅಕ್ಕ. ಬೀರು ಬಿಟ್ಟು ಆಚೆ ಬಂದೇ ಇಲ್ಲ.”

“ಎಲ್ಲಿಗೆ ಹೊರಟ್ರಿ ಮೇಡಂ?” ಇನ್ಸ್‌ಪೆಕ್ಟರ್ ಕೇಳಿದರು.

“ಕಲ್ಲು ಕಡೆದವರನ್ನ ಹುಡುಕೋಕೆ.”

“ಯಾರು ಅಂತ ಗೊತ್ತಾ?”

“ಹುಡುಕಬೇಕು,” ಎಂದೆ. ಅದು ಸುಳ್ಳು. ಯಾರೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟವಾಗಿತ್ತು.

* * *

ಆ ಕಲ್ಲಿನ ತಳದ ಕಿಟಕಿಗೆ ಎಂಟು ಬದಿಗಳಿದ್ದವು. ಏಳು ಸಮ. ಒಂದು ಮಾತ್ರ ಕೂದಲೆಳೆಯಷ್ಟು ಉದ್ದ. ಬೇರೆಯವರ ಕಣ್ಣಿಗೆ ಅದು ಬೀಳುವಂಥದ್ದೇ ಅಲ್ಲ.

ಈ ಊರಲ್ಲಿ ಒಬ್ಬರ ಬಲಗೈ ಹೆಬ್ಬೆರಳು ಮಡಚುವುದಿಲ್ಲ. ಹುಡುಗನಾಗಿದ್ದಾಗ ಸಾಣೆಗೆ ಸಿಕ್ಕಿ ಜಜ್ಜಿಹೋದದ್ದು. ಕಲ್ಲನ್ನು ತಿರುಗಿಸುತ್ತ ಎಂಟನೆಯ ಬದಿಗೆ ಬಂದಾಗ ಆ ಹೆಬ್ಬೆರಳು ಎಲ್ಲರ ಹೆಬ್ಬೆರಳಿನಂತೆ ಹಿಂದೆ ಸರಿಯದೆ, ಕಲ್ಲು ಒಂದಿಷ್ಟು ಹೆಚ್ಚು ಸವೆಯುತ್ತದೆ. ಅವರ ಪಕ್ಕದ ಮಣೆಯ ಮೇಲೆ ಮೂರು ವರ್ಷ ಕೂತು ಕೆಲಸ ಕಲಿತವಳಿಗೆ ಅದು ಅವರ ಸಹಿಯಿದ್ದಂತೆ.

ಬಸ್ಸಿನಲ್ಲಿ ಕೂತು ನನ್ನನ್ನು ನಾನೇ ಬೈದುಕೊಂಡೆ. ಅನ್ನ ಕೊಟ್ಟ ಕೈಯನ್ನು ಹಿಡಿದುಕೊಡಲು ಹೊರಟಿದ್ದೀಯಲ್ಲೇ ಎಂದು ಒಂದು ಮನಸ್ಸು. ಅಲ್ಲಿ ಬೆಂಚಿನ ಮೇಲೆ ಕೂತವಳಿಗೆ ಯಾರಿದ್ದಾರೆ ಎಂದು ಇನ್ನೊಂದು. ಇಳಿಯುವ ಹೊತ್ತಿಗೆ ಎರಡನೆಯ ಮನಸ್ಸೇ ಮುಂದೆ ನಡೆಯುತ್ತಿತ್ತು.

ನನಗೆ ಕೆಲಸ ಕಲಿಸಿದ ಆ ಮೇಷ್ಟ್ರ ಕಾರ್ಯಾಗಾರ ಸೈಕಲ್ ರಿಪೇರಿ ಅಂಗಡಿಯ ಮೇಲೆ, ಕಡಿದಾದ ಹದಿನಾಲ್ಕು ಮೆಟ್ಟಿಲು ಹತ್ತಿದರೆ ಸಿಗುವ ಒಂಟಿ ಕೋಣೆ. ಉತ್ತರಕ್ಕೆ ಒಂದು ಕಿಟಕಿ. ಕಿಟಕಿಯಡಿ ಎಣ್ಣೆಯಲ್ಲಿ ಕಲೆಸಿದ ವಜ್ರದ ಪುಡಿ ಸವರಿದ ಕಬ್ಬಿಣದ ತಟ್ಟೆ ಗುಂಯ್ಯೆಂದು ತಿರುಗುತ್ತಿತ್ತು. ಎಂಬತ್ತರ ಹತ್ತಿರದ ಮೇಷ್ಟ್ರು ಅದರ ಮುಂದೆ ಬಾಗಿ ಕೂತಿದ್ದರು. ದಪ್ಪ ಕನ್ನಡಕ, ಎಡಗಣ್ಣಿನ ಮೇಲೆ ಮಬ್ಬು ಪೊರೆ.

“ಯಾರದು? ಮೆಟ್ಟಿಲು ಹತ್ತೋ ಸದ್ದಲ್ಲೇ ಸಿಟ್ಟು ಕೇಳ್ತಿದೆ. ಸೂಜಿಗಣ್ಣಿ ತಾನೇ?”

ಆ ಹೆಸರು ಅವರೇ ಇಟ್ಟದ್ದು. ಬೇರೆ ಯಾರು ಕರೆದರೂ ನಾನು ಓಗೊಡುವುದಿಲ್ಲ.

“ನಾನೇ ಮೇಷ್ಟ್ರೇ. ಸಾಣೆ ನಿಲ್ಲಿಸಿ. ಮಾತಿದೆ.”

“ಕೂತ್ಕೋ. ಟೀ ಹೇಳ್ತೀನಿ.”

“ಬೇಡ.”

ಅವರು ಸಾಣೆ ನಿಲ್ಲಿಸಿದರು. ಸದ್ದು ಸತ್ತಿತು. ನಾನು ಠಾಣೆಯಲ್ಲಿ ಬರೆದುಕೊಂಡಿದ್ದ ಕಾಗದವನ್ನು ಅವರ ಮುಂದಿಟ್ಟೆ. ಎಂಟು ಬದಿಯ ಒಂದು ಸಣ್ಣ ಆಕಾರ, ಅಷ್ಟೇ.

ಅವರು ಅದನ್ನು ಬಲಗಣ್ಣಿನ ಹತ್ತಿರ ಹಿಡಿದು ನೋಡಿದರು. ಕಾಗದವನ್ನು ಬೇಗನೆ ನನ್ನತ್ತ ತಳ್ಳಿದರು.

“ಏನಿದು? ರಂಗೋಲಿ ಹಾಕೋಕೆ ಹೊರಟಿದೀಯಾ?”

“ತಮಾಷೆ ಬೇಡ ಮೇಷ್ಟ್ರೇ. ಡಾಕ್ಟರಮ್ಮನ ಪದಕದ ನಡುವಿನ ಕಲ್ಲು. ನೀವು ಕಡೆದಿದ್ದು.”

“ನನಗೇನು ಗೊತ್ತು? ಊರಲ್ಲಿ ಕಲ್ಲು ಕಡೆಯೋರು ನಾನೊಬ್ಬನೇನಾ?”

“ಹಳೇ ಥರ ಕೈಯಲ್ಲಿ ಕಡೆಯೋರು ನೀವೊಬ್ಬರೇ. ಎಂಟನೇ ಬದಿ ಉದ್ದ ಬಿಡೋರೂ ನೀವೊಬ್ಬರೇ. ನಾನು ಮೂರು ವರ್ಷ ಆ ಹೆಬ್ಬೆರಳು ನೋಡ್ಕೊಂಡೇ ಕೆಲಸ ಕಲ್ತಿದ್ದು.”

“ಗುರುವಿಗೇ ತಿರುಮಂತ್ರ ಹಾಕೋಕೆ ಬಂದ್ಯಾ?” ಧ್ವನಿ ಏರಿತು. “ಎಷ್ಟು ದಿನ ಆಯ್ತು ನೀನು ಈ ಕಡೆ ತಲೆ ಹಾಕಿ? ಬದುಕಿದೀನೋ ಸತ್ತಿದೀನೋ ಕೇಳ್ಲಿಲ್ಲ. ಈಗ ಬಂದು ಕಳ್ಳನ್ನ ಕೇಳೋ ಥರ ಕೇಳ್ತೀಯಾ?”

ಆ ಮಾತು ನಾಟಿತು. ಎರಡು ವರ್ಷದಿಂದ ನಾನು ಬಂದಿರಲಿಲ್ಲ. ಬರಬೇಕಿತ್ತು. ತಪ್ಪು ನನ್ನದೇ. ಆದರೆ ಅದನ್ನು ಒಪ್ಪಿಕೊಳ್ಳುತ್ತ ಕೂರಲು ಅಂದು ಸಮಯವಿರಲಿಲ್ಲ.

“ಬೈಯಿರಿ, ಕೇಳಿಸ್ಕೋತೀನಿ. ಆದ್ರೆ ಐದು ಗಂಟೆ ಆದ್ಮೇಲೆ ಬೈಯಿರಿ. ಆ ಕಲ್ಲು ಕದ್ದಿದಾಳೆ ಅಂತ ಒಬ್ಬ ಹೆಣ್ಣುಮಗಳನ್ನ ಠಾಣೇಲಿ ಕೂರಿಸಿದಾರೆ. ನೀವು ಬಾಯಿ ಬಿಡದಿದ್ರೆ ಅವಳು ಜೈಲಿಗೆ ಹೋಗ್ತಾಳೆ. ನಿಮ್ಮ ಹೆಬ್ಬೆರಳಿನ ಗುಟ್ಟು ನಾನು ಇನ್ನೂ ಯಾರಿಗೂ ಹೇಳಿಲ್ಲ. ಹೇಳಿಸಬೇಡಿ.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದ್ದನ್ನೇ ಒರೆಸಿದರು.

“ಕದ್ದಿದಾಳೆ ಅಂತಾರಾ? ಯಾರೂ ಕದ್ದಿಲ್ಲ ಕಣೇ.”

“ಮತ್ತೆ?”

“ಡಾಕ್ಟರಮ್ಮನೇ ಬಂದಿದ್ರು. ಸ್ವತಃ. ಒಂದೂವರೆ ವರ್ಷ ಆಯ್ತು. ಆ ಹದಿನಾಲ್ಕು ಮೆಟ್ಟಿಲನ್ನ ಏದುಸಿರು ಬಿಡ್ತಾ ಹತ್ತಿ ಬಂದು, ನೀನು ನಿಂತಿದೀಯಲ್ಲ, ಅಲ್ಲೇ ಕೂತಿದ್ರು. ನಡುವಿನ ಕಲ್ಲಿಗೆ ಒಂದು ಜೋಡಿ ಮಾಡಿಕೊಡಿ, ಪದಕದಲ್ಲಿ ಆ ಜೋಡಿ ಕೂರಿಸಿ, ಅಸಲಿ ನಿಮ್ಮ ಹತ್ರ ಇರಲಿ, ಬೇಕಾದಾಗ ತರಿಸ್ಕೋತೀನಿ ಅಂದ್ರು.”

“ಯಾಕೆ ಅಂತ ಕೇಳ್ಲಿಲ್ವಾ?”

“ಕೇಳಿದೆ. ಮನೇಲೇ ಒಬ್ಬರ ಕಣ್ಣು ಇದರ ಮೇಲೆ ಬಿದ್ದಿದೆ ಅಂದ್ರು. ಯಾರು ಅಂತ ಹೇಳ್ಲಿಲ್ಲ, ನಾನೂ ಕೆದಕಲಿಲ್ಲ. ನನ್ನ ಬಲಗಣ್ಣು ಆಪರೇಷನ್ ಮಾಡಿ, ಒಂದು ಬಿಡಿಗಾಸೂ ಇಸ್ಕೊಳ್ಳದೆ ಬೆಳಕು ಕೊಟ್ಟ ತಾಯಿ ಅವರು. ಅಂಥವರು ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅನ್ನೋಕಾಗುತ್ತಾ? ನಾಲ್ಕು ತಿಂಗಳು ಕೂತು ಕಡೆದೆ. ನನ್ನ ಜೀವಮಾನದ ಕೆಲಸ ಅದು. ನೀನು ಹೇಗೆ ಗುರುತು ಹಿಡಿದೆ ಅಂತ ನಂಗೆ ಇನ್ನೂ ಹೊಟ್ಟೆ ಉರೀತಿದೆ.”

“ಅಂಚು ಸವೆಸೋದು ಮರೆತಿದೀರಿ.”

“ಮರೆತಿಲ್ಲ,” ಎಂದರು ಮೆಲ್ಲಗೆ. “ಅಷ್ಟು ಚೆನ್ನಾಗಿ ಬಂದಿದ್ದನ್ನ ಕೈಯಾರೆ ಸವೆಸೋಕೆ ಮನಸ್ಸು ಬರಲಿಲ್ಲ.”

ನನಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮಾಲೀಕರೇ ತಮ್ಮ ಕಲ್ಲನ್ನು ತಾವೇ ತೆಗೆಸಿದ್ದಾರೆ. ಕಳ್ಳತನವಿಲ್ಲ, ಕಳ್ಳಿಯಿಲ್ಲ. ಮೇಷ್ಟ್ರ ತಪ್ಪೂ ಇಲ್ಲ. ನಾಲ್ಕೂ ಐದು. ನಾನು ಅಲ್ಲೇ ನಿಂತು ಫೋನ್ ಹಚ್ಚಿದೆ.

“ಹೇಳಿ ಮೇಡಂ,” ಇನ್ಸ್‌ಪೆಕ್ಟರ ಧ್ವನಿ ಗುಹೆಯೊಳಗಿಂದ ಬಂದಂತಿತ್ತು. “ತಲೆ ಮೇಲೆ ಟವೆಲ್ ಹಾಕ್ಕೊಂಡು ಆವಿ ತಗೋತಿದೀನಿ. ಸ್ಪೀಕರಿಗೆ ಹಾಕಿದೀನಿ, ಜೋರಾಗಿ ಹೇಳಿ.”

“ಕಳ್ಳತನ ಅಲ್ಲ ಇನ್ಸ್‌ಪೆಕ್ಟ್ರೇ! ಡಾಕ್ಟರಮ್ಮನೇ ಇಷ್ಟಪಟ್ಟು ಕಲ್ಲು ಬದಲಾಯಿಸಿಕೊಂಡಿದಾರೆ. ಕಡೆದವರೇ ನನ್ನೆದುರಿಗೆ ಇದಾರೆ, ಬರೆದುಕೊಡ್ತಾರೆ. ನರ್ಸಮ್ಮನ್ನ ಬಿಟ್ಟುಬಿಡಿ.”

“ಅಸಲಿ ಕಲ್ಲು?”

“ಅದೂ ಜೋಪಾನವಾಗಿದೆ. ಎಲ್ಲಾ ಬಂದು ಹೇಳ್ತೀನಿ. ಮೊದಲು ಆಕೇನ ಮನೆಗೆ ಕಳಿಸಿ. ನಿನ್ನೆಯಿಂದ ಊಟ ಮಾಡಿಲ್ಲ.”

“ನಿಮ್ಮ ಮಾತಿನ ಮೇಲೆ ಕಳಿಸ್ತಿದೀನಿ ಮೇಡಂ.”

“ಕಳಿಸಿ. ನಾನಿದೀನಿ.”

ಫೋನಿಟ್ಟು ಮೇಷ್ಟ್ರ ಎದುರಿನ ಮಣೆಯ ಮೇಲೆ ಕುಸಿದು ಕೂತೆ. ಈಗ ಟೀ ಕುಡಿಯಬಹುದು ಅನ್ನಿಸಿತು. ಮೇಷ್ಟ್ರು ಕೆಳಗಿನ ಅಂಗಡಿಗೆ ಕೇಳುವಂತೆ ಎರಡು ಟೀ ಎಂದು ಕೂಗಿ, ತಿರುಗಿ ಕೂತು, ಎಡಗಣ್ಣನ್ನು ಮುಟ್ಟಿಕೊಂಡರು.

“ನಾನೇ ಒಂದ್ಸಲ ಹೋಗ್ಬೇಕು ಅಂತಿದ್ದೆ. ಈ ಕಣ್ಣೂ ಪೊರೆ ಕಟ್ಟಿದೆ. ಇದನ್ನೂ ಅವರ ಕೈಯಲ್ಲೇ ಮಾಡಿಸ್ಕೋಬೇಕು ಅಂತ ಆಸೆ. ಹೇಗಿದಾರೆ ಡಾಕ್ಟರಮ್ಮ? ಓಡಾಡ್ತಾರಾ?”

ಟೀಯ ಆಸೆ ಅಲ್ಲಿಗೇ ಬತ್ತಿತು. ಇವರಿಗೆ ಗೊತ್ತೇ ಇಲ್ಲ. ಪೇಪರ್ ಓದಲು ಕಣ್ಣಿಲ್ಲ, ಮೆಟ್ಟಿಲು ಇಳಿಯಲು ಮಂಡಿಯಿಲ್ಲ. ಬಂದು ಹೇಳಬೇಕಾದವಳು ಎರಡು ವರ್ಷದಿಂದ ಈ ಕಡೆ ಮುಖ ಹಾಕಿಲ್ಲ.

“ಮೇಷ್ಟ್ರೇ,” ಅವರ ಕೈ ಹಿಡಿದುಕೊಂಡೆ. “ಡಾಕ್ಟರಮ್ಮ ಹೋಗಿಬಿಟ್ರು. ನಿದ್ದೆಯಲ್ಲೇ. ನಲವತ್ತೆರಡು ದಿನ ಆಯ್ತು.”

ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಹುಬ್ಬು ಗಂಟಿಕ್ಕಿದರು.

“ನಲವತ್ತೆರಡಾ? ಹನ್ನೆರಡು ಇರಬೇಕು, ಸರಿಯಾಗಿ ಲೆಕ್ಕ ಹಾಕು.”

“ನಾನೇ ಅಂತ್ಯಕ್ರಿಯೆಗೆ ಹೋಗಿದ್ದೆ ಮೇಷ್ಟ್ರೇ.”

“ಅದು ಹೇಗೆ ಸಾಧ್ಯ? ಹೋದ ತಿಂಗಳ ಕೊನೆಯಲ್ಲಿ, ಈ ಸಾಣೆಯ ಬೆಲ್ಟ್ ತುಂಡಾಯ್ತಲ್ಲ, ಅವತ್ತು. ಇನ್ನೂ ಮೂರು ವಾರ ಆಗಿಲ್ಲ. ಅವತ್ತೇ ಡಾಕ್ಟರಮ್ಮ ಅಸಲಿ ಕಲ್ಲು ತರಿಸ್ಕೊಂಡ್ರು.”

“ಯಾರು ಬಂದಿದ್ರು?”

“ಅವರ ಜೊತೆ ಇರ್ತಾಳಲ್ಲ, ನರ್ಸು. ಮೊದಲ ಸಲ ಡಾಕ್ಟರಮ್ಮನ ತೋಳು ಹಿಡ್ಕೊಂಡು ಮೆಟ್ಟಿಲು ಹತ್ತಿಸಿದ್ದೂ ಅವಳೇ. ಅಮ್ಮ ಕಳಿಸಿದಾರೆ, ಕಲ್ಲು ಕೊಡಬೇಕಂತೆ ಅಂದಳು. ಅಮ್ಮ ಹೇಗಿದಾರಮ್ಮಾ ಅಂದೆ. ಚೆನ್ನಾಗಿದಾರೆ ಅಂದಳು. ಕೊಟ್ಟೆ.”

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಬುಸ್ ಬುಸ್ ಸದ್ದು ನನ್ನ ತಲೆಯೊಳಗೇ ಆಗುತ್ತಿದ್ದಂತಿತ್ತು.

ಬೀರು ಬಿಟ್ಟು ಆಚೆ ಬಂದೇ ಇಲ್ಲ ಅಕ್ಕ ಎಂದಿದ್ದಳು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಆಕೆಗೆ ಎಲ್ಲ ಗೊತ್ತಿತ್ತು. ಸತ್ತವರ ಹೆಸರು ಹೇಳಿ ಕಲ್ಲು ಇಸಿದುಕೊಂಡಿದ್ದಳು. ಕಲ್ಲಿನೊಳಗಿನ ಚುಕ್ಕೆ ಹುಡುಕುವ ಸೂಜಿಗಣ್ಣಿಗೆ ಎದುರಿಗಿದ್ದ ಮನುಷ್ಯಳ ಸುಳ್ಳು ಕಾಣಲಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಎದ್ದು ನಿಂತೆ.

“ಮೇಷ್ಟ್ರೇ, ಈಗ ಹೇಳಿದ್ದನ್ನ ಠಾಣೇಲಿ ಬಂದು ಹೇಳ್ತೀರಾ?”

“ಎತ್ತಿಕೊಂಡು ಹೋದ್ರೆ ಬರ್ತೀನಿ. ಆದ್ರೆ ಸೂಜಿಗಣ್ಣಿ, ಒಂದು ಮಾತು. ಆ ಹುಡುಗಿ ಕಲ್ಲು ಇಸ್ಕೊಳ್ಳುವಾಗ ಕದಿಯೋಕೆ ಬಂದೋಳ ಥರ ಇರಲಿಲ್ಲ. ಮೆಟ್ಟಿಲ ಕಡೆಗೇ ತಿರುಗಿ ತಿರುಗಿ ನೋಡ್ತಿದ್ದಳು. ಇಲ್ಲಿ ನಾನು ಬಂದಿದ್ದು ಮನೇಲಿ ಯಾರಿಗೂ ಗೊತ್ತಾಗಬಾರದು ತಾತ, ಗೊತ್ತಾದ್ರೆ ನಾನು ಉಳಿಯಲ್ಲ ಅಂದಳು. ಡಾಕ್ಟರಮ್ಮ ಗುಟ್ಟಾಗಿ ತರಿಸ್ತಿದಾರೇನೋ, ಅದಕ್ಕೆ ಅಂದ್ಕೊಂಡು ಸುಮ್ಮನಾದೆ.”

ನಾನು ಆಗಲೇ ಫೋನ್ ಕಿವಿಗಿಟ್ಟಿದ್ದೆ. ಎರಡು ಸಲ ರಿಂಗಾಗಿ ಇನ್ಸ್‌ಪೆಕ್ಟರ್ ತೆಗೆದರು.

“ನರ್ಸಮ್ಮ ಎಲ್ಲಿ? ಹೋಗೋಕೆ ಬಿಡಬೇಡಿ, ಅಲ್ಲೇ ಕೂರಿಸಿ. ನಾನು ಬರ್ತಿದೀನಿ.”

“ಹೋದ್ರಲ್ಲ ಮೇಡಂ! ನೀವೇ ತಾನೇ ಕಳಿಸಿ ಅಂದಿದ್ದು? ನೀವು ಫೋನಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸ್ತು. ಅಸಲಿ ಕಲ್ಲು ಜೋಪಾನವಾಗಿದೆ ಅಂದ್ರಲ್ಲ, ಆಗ ಮಗ ತಕ್ಷಣ ಎದ್ದು ಬಂದು ಆಕೆ ಕೈ ಹಿಡ್ಕೊಂಡು ಕ್ಷಮೆ ಕೇಳಿದ್ರು. ದೂರಿನ ಕಾಗದ ನನ್ನೆದುರಿಗೇ ಹರಿದುಹಾಕಿದ್ರು. ತಪ್ಪು ನಂದು, ನಾನೇ ಮನೆ ತನಕ ಬಿಟ್ಟು ಬರ್ತೀನಿ ಅಂತ ಕಾರಲ್ಲಿ ಕರ್ಕೊಂಡು ಹೋದ್ರು.”

“ಆಕೆ ಒಪ್ಪಿದ್ಲಾ?”

“ಎಲ್ಲಿ ಮೇಡಂ. ಬೇಡವೇ ಬೇಡ, ಇಲ್ಲೇ ಕೂತಿರ್ತೀನಿ, ಅಕ್ಕ ಬರ್ಲಿ ಅಂತ ಹಟ ಹಿಡಿದ್ರು. ಬಾಗಿಲನ್ನೇ ಹಿಡ್ಕೊಂಡು ನಿಂತುಬಿಟ್ಟಿದ್ರು. ಪಾಪ, ಸಂಕೋಚ ಅಂತ ನಾನೇ ಬಲವಂತ ಮಾಡಿ ಕಾರು ಹತ್ತಿಸಿದೆ.”

ಮನೆಯಲ್ಲಿ ಯಾರಿಗೆ ಗೊತ್ತಾದರೆ ತಾನು ಉಳಿಯುವುದಿಲ್ಲ ಎಂದಿದ್ದಳೋ ಅವನ ಕಾರಿಗೇ ಆಕೆಯನ್ನು ಹತ್ತಿಸಿದ್ದರು, ಅದೂ ನನ್ನ ಮಾತಿನ ಮೇಲೆ.